ಲಕೋಟೆಯ ಮೇಲೆ ಹೆಸರು ಬೇಡ

ಮುಂಬಯಿಯ ವಾಕೋಲಾದಲ್ಲಿರುವ ನನ್ನ ಆಫೀಸಿಗೆ ಊರ ಕಡೆಯ ಹುಡುಗರು ಬರುವುದು ಹೆಚ್ಚಾಗಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಸಲು. ಮೊನ್ನೆ ಬಂದವನೊಬ್ಬ ಬಾಗಿಲು ಮುಂದೆ ಮಾಡಿ, ತಮ್ಮ ಕಂಪನಿಯಲ್ಲಿ ಬಾರದ ಸರಕಿಗೂ ಬಿಲ್ ಪಾಸಾಗುತ್ತಿದೆ ಎಂದ. "ಮಾಮ, ಹೆಸರು ಹಾಕದೆ ಒಂದು ಅರ್ಜಿ ಬರೆದುಕೊಡಿ."

ಅವನ ಹೆದರಿಕೆ ಸುಳ್ಳಲ್ಲ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಕೋರರ ಕೆಲಸವೆಂದು ಕೋರ್ಟ್ ತೀರ್ಪು ಕೊಟ್ಟಿದೆ. ಆದರೂ ಆ ಪತ್ರ ತಿರುಗಿದ್ದಕ್ಕೆ ಸಮಾಧಾನ ಹೇಳುವವರಿಲ್ಲ.

ನಮ್ಮವನೇ ಆದ ಎಸ್. ಮಂಜುನಾಥ್ ಪತ್ರವನ್ನೂ ಬರೆದಿರಲಿಲ್ಲ. ಕೆಜಿಎಫ್‌ನ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿ ಇಂಡಿಯನ್ ಆಯಿಲ್ ಸೇರಿದವನು. ಲಖೀಂಪುರ ಖೇರಿಯಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿಗೆ ಸೀಲ್ ಹಾಕಿದ್ದೇ ತಪ್ಪಾಯಿತು: 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಖಾಯಂ ಮಾಡುವ ಹೊತ್ತಿಗೆ 2015 ಬಂದಿತ್ತು.

ದೂರುದಾರರ ರಕ್ಷಣೆಗೆಂದೇ ಮಾಡಿದ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬೀಳಲಿಲ್ಲ. ಹಾಗಾಗಿ ಇಂದಿಗೂ ನಡೆಯುತ್ತಿರುವುದು ದುಬೆ ಸತ್ತ ಮೇಲೆ 2004ರಲ್ಲಿ ಹೊರಟ ಸರಕಾರಿ ಆದೇಶ. ಅದರ ಪ್ರಕಾರ ದೂರು ದೆಹಲಿಯ ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಹೆಸರು, ವಿಳಾಸ ಒಳಗಿನ ಪತ್ರದಲ್ಲಿ ಇರಲೇಬೇಕು, ಅನಾಮಧೇಯ ದೂರನ್ನು ಮುಟ್ಟುವುದಿಲ್ಲ. ಲಕೋಟೆಯ ಮೇಲೆ ಮಾತ್ರ ಕಳಿಸಿದವರ ಹೆಸರು ಹಾಕಬಾರದು. ಸಾರ್ವಜನಿಕ ಹಿತಾಸಕ್ತಿಯ ದೂರು ಎಂದು ಬರೆದು ಅಂಟಿಸಬೇಕು. ಪೋಸ್ಟಾಫೀಸಿನವರೂ ಅಂಥ ಲಕೋಟೆಗೆ ಕಳಿಸಿದವರ ಹೆಸರು ಕೇಳುವಂತಿಲ್ಲ.

ಆದರೆ ಈ ದಾರಿ ಕೇಂದ್ರ ಸರಕಾರ ಮತ್ತು ಅದರ ಉದ್ದಿಮೆಗಳ ವಿಷಯಕ್ಕೆ ಮಾತ್ರ. ನಮ್ಮ ಹುಡುಗನದು ಖಾಸಗಿ ಕಂಪನಿ. ಅಲ್ಲಿಗೆ ಬೇಕಾದದ್ದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್: ಷೇರುಪೇಟೆಯಲ್ಲಿರುವ, ಸಾರ್ವಜನಿಕರಿಂದ ಠೇವಣಿ ಪಡೆಯುವ, ಇಲ್ಲವೇ ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಎತ್ತಿದ ಕಂಪನಿ ನೌಕರರ ದೂರಿಗೆ ವ್ಯವಸ್ಥೆ ಮಾಡಬೇಕು, ದೂರಿದವರಿಗೆ ಕಿರುಕುಳವಾಗದಂತೆ ನೋಡಬೇಕು. ಮ್ಯಾನೇಜರೇ ಕಳ್ಳನಾದರೆ ಆಡಿಟ್ ಕಮಿಟಿಯ ಅಧ್ಯಕ್ಷರಿಗೇ ನೇರ ಬರೆಯಬಹುದು.

"ನಿಮ್ಮ ಕಂಪನಿಯ ಸಾಲ ಎಷ್ಟು?" ಎಂದೆ. ಗೊತ್ತಿರಲಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಬ್ಯಾಲೆನ್ಸ್ ಶೀಟ್ ನೋಡಲು ಸಿಗುತ್ತದೆ. ಅರ್ಜಿಗಿಂತ ಮೊದಲು ಅದನ್ನು ತೆಗೆದುಕೊಂಡು ಬಾ, ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ತೆರೆಯಬೇಡ ಎಂದೆ.