ಎರಡು ಗಂಟೆಯ ಬಸ್ ಹತ್ತುವ ಮುನ್ನ

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಅದನ್ನು ಎರಡು ಗಂಟೆಯೊಳಗೆ ಮುಗಿಸಬೇಕಾದರೆ ಒಂದೊಂದು ಕಿಲೋಮೀಟರಿಗೂ 5 ನಿಮಿಷ 41 ಸೆಕೆಂಡ್. ಲೆಕ್ಕ ಇಷ್ಟೇ. ಆದರೂ ತಿಂಗಳುಗಟ್ಟಲೆ ನಾಲ್ಕೂವರೆಗೆ ಎದ್ದು, ಆಫೀಸಿನ ಕಾಲ್‌ಗಳ ನಡುವೆ ಹೇಗೋ ಅಭ್ಯಾಸ ಮುಗಿಸಿಕೊಂಡು ಬಂದವರೂ ರೇಸ್ ದಿನ 2:03, 2:04ಕ್ಕೆ ಬಂದು ತಲುಪ್ತಾರೆ. ಕಾಲಲ್ಲಿ ಕಸುವಿಲ್ಲ ಅಂತಲ್ಲ. ಮೊದಲ ಮೂರು ಕಿಲೋಮೀಟರನ್ನು ಹುರುಪಿನಲ್ಲಿ ಓಡಿಬಿಟ್ಟು, ಕೊನೆಯ ಐದರಲ್ಲಿ ಆ ಸಾಲವನ್ನು ಬಡ್ಡಿ ಸಮೇತ ತೀರಿಸಿರ್ತಾರೆ.

ಇಂಥವರಿಗಾಗಿಯೇ ದೊಡ್ಡ ಓಟಗಳಲ್ಲಿ ಪೇಸರ್‌ಗಳಿರುತ್ತಾರೆ. ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಬಾವುಟ, ಇಲ್ಲವಾದರೆ ಒಂದು ಬಲೂನು. ಅದರ ಮೇಲೆ 1:45, 2:00, 2:15, 2:30 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಬರೆದ ಹೊತ್ತಿಗೆ ಸರಿಯಾಗಿ ಫಿನಿಷ್ ಲೈನ್ ಮುಟ್ಟಿಸುವುದು ಅವರ ಕೆಲಸ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್ ಸುಮಾರು 90 ಕಿಲೋಮೀಟರಿನ ಓಟ. ಅಲ್ಲಿ ಇಂಥ ಗುಂಪಿಗೆ ‘ಬಸ್’ ಅಂತಲೇ ಹೆಸರು, ಮುಂದಿರುವವರು ‘ಡ್ರೈವರ್’. ನಮ್ಮ ಕಡೆಯ ಓಟಗಾರರ ಬಾಯಲ್ಲೂ ಈಗ ಅದೇ ಮಾತು. ಬಿಎಂಟಿಸಿಯಲ್ಲಿ ಓಡಾಡಿ ಬೆಳೆದವರಿಗೆ ಹೆಚ್ಚು ವಿವರಿಸಬೇಕಿಲ್ಲ: ಬೋರ್ಡ್ ಓದಿ ಹತ್ತಬೇಕು, ರಶ್ ಇದ್ದರೆ ಸ್ವಲ್ಪ ಒಳಗೆ ಸರಿಯಬೇಕು, ಹೊರಟುಹೋದ ಬಸ್ಸಿನ ಹಿಂದೆ ಓಡಬಾರದು.

ನಾನು 2:15ರ ಬಸ್ಸನ್ನು ಮೂರು ಸಲ ಓಡಿಸಿದ್ದೇನೆ. ನನ್ನದೇ ಗುರಿ ಇಟ್ಟುಕೊಂಡು ಬೇರೆಯವರ ಬಾವುಟದ ಹಿಂದೆಯೂ ಓಡಿದ್ದೇನೆ. ಎರಡೂ ಕಡೆಯಿಂದ ನೋಡಿ ಹೇಳೋದಾದರೆ, ಬಸ್ಸು ಸಾಮಾನ್ಯವಾಗಿ ಸರಿಯಾದ ಹೊತ್ತಿಗೇ ತಲುಪುತ್ತೆ. ನೀವು ಯಾವ ಬಸ್ ಹತ್ತಿದಿರಿ, ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮುಂದೆ ಓಡಿ ಇನ್ನೊಬ್ಬರಿಗೆ ವೇಗ ಕಾಯ್ದುಕೊಡುವುದು ಹೊಸ ಉಪಾಯವೇನಲ್ಲ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ, ಮೊದಲು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ ಮುಂದೆ ಓಡಿಕೊಟ್ಟಿದ್ದರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಪೂರ್ತಿ ಮ್ಯಾರಥಾನನ್ನು 1:59:40ರಲ್ಲಿ ಮುಗಿಸಿದರಲ್ಲ, ಅವರಿಗಾಗಿ 41 ಪೇಸರ್‌ಗಳು ಸರದಿಯ ಮೇಲೆ ಬಂದು ಹೋಗುತ್ತಿದ್ದರು. ಮುಂದಿನ ಕಾರು ರಸ್ತೆಯ ಮೇಲೆ ಲೇಸರ್ ಗೆರೆ ಬೇರೆ ಹಾಕುತ್ತಿತ್ತು. ಅದು ಅಧಿಕೃತ ದಾಖಲೆಯಾಗಿ ಸೇರಲಿಲ್ಲ, ಬಿಡಿ. ಅಂಥ ಪೇಸರ್‌ಗಳು ಅರ್ಧಕ್ಕೆ ಪಕ್ಕಕ್ಕೆ ಸರಿಯುತ್ತಾರೆ. ನಮ್ಮ ಬಾವುಟದವರು ಕೊನೆಯವರೆಗೂ ಬರಬೇಕು, ಅದೂ ಮಾತಾಡುತ್ತಾ. ಹಾಗಾಗಿಯೇ ತಮ್ಮ ಶಕ್ತಿಗಿಂತ ಸಾಕಷ್ಟು ನಿಧಾನದ ಬಸ್ಸನ್ನೇ ಅವರಿಗೆ ಕೊಡುವುದು. ನನ್ನ ಅತಿ ಒಳ್ಳೆಯ ಹಾಫ್ 1:48. ಆದ್ದರಿಂದ 2:15ರಲ್ಲಿ ‘ಮೇಡಂ, ನಿಮ್ಮ ಲೇಸ್ ಬಿಚ್ಚಿದೆ ನೋಡಿ’ ಅನ್ನುವಷ್ಟು ಉಸಿರು ಉಳಿದಿರುತ್ತೆ.

ಬೋರ್ಡ್ ಓದಿ ಹತ್ತಿ

ಹೆಚ್ಚಿನವರು ಬಸ್ ಆರಿಸುವುದು ಆಸೆಯಿಂದ. ‘ಈ ವರ್ಷ ಸಬ್‌-ಟೂ ಮಾಡ್ಲೇಬೇಕು’ ಅಂತ. ಆಸೆ ಇರಲಿ, ಆದರೆ ಅದನ್ನು ಒಮ್ಮೆ ತಾಳೆ ನೋಡೋಣ. ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ ಕೊಟ್ಟ ಒಂದು ಸೂತ್ರ ಇದೆ. ಅನೇಕ ಓಟದ ಕ್ಯಾಲ್ಕುಲೇಟರ್‌ಗಳ ಹೊಟ್ಟೆಯಲ್ಲಿರುವುದು ಅದೇ. ಅದರ ಪ್ರಕಾರ ನಿಮ್ಮ 10 ಕಿ.ಮೀ. ಸಮಯವನ್ನು ಸುಮಾರು 2.2ರಿಂದ ಗುಣಿಸಿದರೆ ಹಾಫ್ ಸಮಯ. ಅಂದರೆ 2:00ರ ಬಸ್ ಹತ್ತುವವರು ಇತ್ತೀಚೆಗೆ 10 ಕಿ.ಮೀ.ಯನ್ನು ಸುಮಾರು 54 ನಿಮಿಷ 20 ಸೆಕೆಂಡಿನಲ್ಲಿ ಓಡಿರಬೇಕು. 2:15ಕ್ಕೆ 61 ನಿಮಿಷ, 2:30ಕ್ಕೆ 68. ಇತ್ತೀಚೆಗೆ ಅಂದರೆ ಈ ಒಂದೆರಡು ತಿಂಗಳಲ್ಲಿ. ಮದುವೆಗೆ ಮುಂಚೆ ಓಡಿದ್ದು ಲೆಕ್ಕಕ್ಕಿಲ್ಲ.

ಇನ್ನೂ ಒಂದು ಷರತ್ತಿದೆ. ಈ ಸೂತ್ರ, ನೀವು ಉದ್ದದ ಓಟಗಳನ್ನೂ ಮಾಡಿದ್ದೀರಿ ಅಂತ ನಂಬಿಕೊಂಡಿರುತ್ತೆ. ವಾರಕ್ಕೆರಡು ದಿನ ಐದೈದು ಕಿಲೋಮೀಟರ್ ಚುರುಕಾಗಿ ಓಡಿದವರಿಗೆ ಅದು ಹೊಂದಲ್ಲ.

ಊರನ್ನೂ ನೋಡಿಕೊಳ್ಳಿ. ಬೆಂಗಳೂರಿನ ತಂಪಿನಲ್ಲಿ ಓಡಿದ 10 ಕಿ.ಮೀ. ಇಟ್ಟುಕೊಂಡು ಮುಂಬೈ ಅಥವಾ ಚೆನ್ನೈನ ಸೆಕೆಯಲ್ಲಿ ಅದೇ ಬಸ್ ಹತ್ತಿದರೆ, ಹನ್ನೆರಡನೇ ಕಿಲೋಮೀಟರಿಗೆ ಬನಿಯನ್ ಹಿಂಡುವ ಹಾಗಾಗಿರುತ್ತೆ. ಬೆವರು ಆರದಿದ್ದರೆ ಮೈ ತಣ್ಣಗಾಗಲ್ಲ, ಹೃದಯ ಅದೇ ವೇಗಕ್ಕೆ ಹೆಚ್ಚು ದುಡಿಯಬೇಕಾಗುತ್ತೆ. ಅಲ್ಲಿ ಒಂದು ಬಸ್ ಹಿಂದಿನದನ್ನು ಹತ್ತುವುದರಲ್ಲಿ ಅವಮಾನ ಏನಿಲ್ಲ.

ನಿಮ್ಮ ಗುರಿ 2:05 ಆಗಿದ್ದು, ಬಾವುಟ ಇರುವುದು 2:00 ಮತ್ತು 2:15 ಮಾತ್ರವಾದರೆ? ‘ಅರ್ಧದವರೆಗೆ ಎರಡು ಗಂಟೆಯವರ ಜೊತೆ ಹೋಗ್ತೀನಿ, ಆಮೇಲೆ ನೋಡ್ಕೊಳ್ಳೋಣ’ ಅನ್ನೋರು ಬಹಳ. ದಯವಿಟ್ಟು ಬೇಡ. ನಿಮಗೆ ಬೇಕಾದದ್ದು ಕಿಲೋಮೀಟರಿಗೆ 5:55. ಅವರು ಓಡುವುದು 5:40ರ ಆಸುಪಾಸಿನಲ್ಲಿ. ಆ ಹದಿನೈದು ಸೆಕೆಂಡ್ ಕೇಳೋಕೆ ಚಿಕ್ಕದು. ಇಂಥ ದಿನ ಯಾರ ಬಸ್ಸೂ ಬೇಡ, ನಿಮ್ಮ ಪಾಡಿಗೆ ನೀವು ಓಡಿ.

ವಾಚ್ ಒಂದು ಹೇಳುತ್ತೆ, ಬೋರ್ಡ್ ಇನ್ನೊಂದು

ಪೇಸರ್ ಆಗಿದ್ದಾಗ ನಾನು ಅತಿ ಹೆಚ್ಚು ಕೇಳಿದ ದೂರು, ‘ಸರ್, ಫಾಸ್ಟ್ ಹೋಗ್ತಿದ್ದೀರ’ ಅನ್ನೋದು. ಅವರ ವಾಚ್ ಹಾಗೇ ಹೇಳುತ್ತಿರುತ್ತೆ, ಸುಳ್ಳಲ್ಲ. ಆದರೆ ಅದಕ್ಕೊಂದು ಕಾರಣ ಇದೆ.

ಅಧಿಕೃತ ಓಟದ ದಾರಿಯನ್ನು ಅಳೆಯುವುದು ಜಿಪಿಎಸ್‌ನಿಂದಲ್ಲ. ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಕೆಯ ಸಾಧನ ಕೂರಿಸಿದ ಸೈಕಲ್‌ನಿಂದ. ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಕಡಿಮೆ ಆಗದಿರಲಿ ಅಂತ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ನಾವೋ, ಜನರನ್ನು ಬಳಸಿಕೊಂಡು, ನೀರಿನ ಮೇಜಿನ ಕಡೆ ಸರಿದು, ತಿರುವಿನ ಹೊರಬದಿಯಲ್ಲಿ ಓಡುತ್ತೇವೆ. ಮರ, ಎತ್ತರದ ಕಟ್ಟಡ, ಅಂಡರ್‌ಪಾಸ್ ಸಿಕ್ಕರೆ ಜಿಪಿಎಸ್ ಇನ್ನಷ್ಟು ತಡವರಿಸುತ್ತೆ. ಕೊನೆಗೆ ವಾಚ್‌ನಲ್ಲಿ 21.3 ಕಿಲೋಮೀಟರ್ ಬಂದಿರುತ್ತೆ. ಆ 21.3ನ್ನು ವಾಚ್ ನೋಡಿಕೊಂಡು 5:41ರಂತೆಯೇ ಓಡಿದರೆ 2 ಗಂಟೆ 1 ನಿಮಿಷ! ‘ನನ್ನ ವಾಚ್‌ನಲ್ಲಿ ಸಬ್‌-ಟೂ ಬಂದಿತ್ತು, ರಿಸಲ್ಟ್‌ನಲ್ಲಿ ಇಲ್ಲ’ ಅನ್ನುವ ಗೋಳಿನ ಮೂಲ ಹೆಚ್ಚಾಗಿ ಇದೇ.

ಅದಕ್ಕೇ ಪೇಸರ್ ವಾಚ್‌ನಲ್ಲಿ ಸ್ವಲ್ಪ ಬೇಗ ಓಡುತ್ತಾರೆ, 5:37 ಅಥವಾ 5:38. ನೀವೂ ವಾಚ್‌ನ ಆಟೋ ಲ್ಯಾಪ್ ಆಫ್ ಮಾಡಿ, ರಸ್ತೆಬದಿಯ ಕಿಲೋಮೀಟರ್ ಬೋರ್ಡ್ ದಾಟುವಾಗ ಬಟನ್ ಒತ್ತಿಕೊಳ್ಳಿ. ನಾನು ಕೈ ಮೇಲೆ ಪೆನ್ನಿನಲ್ಲಿ ನಾಲ್ಕೇ ಅಂಕಿ ಬರೆದುಕೊಳ್ಳೋದು. ಎರಡು ಗಂಟೆಗಾದರೆ 5ಕ್ಕೆ 28:26, 10ಕ್ಕೆ 56:53, 15ಕ್ಕೆ 1:25:19, 20ಕ್ಕೆ 1:53:45. ಉಳಿದ ಸುಮಾರು 1.1 ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡ್. ಪೇಸರ್ ಕೂಡ ಮನುಷ್ಯರೇ, ಒಮ್ಮೊಮ್ಮೆ ಅವರಿಗೂ ಹೊಟ್ಟೆ ಕೆಡುತ್ತೆ. ಬಾವುಟವನ್ನು ನಂಬಿ, ಆದರೆ ಐದು ಕಿಲೋಮೀಟರಿಗೊಮ್ಮೆ ಟಿಕೆಟ್ ಚೆಕ್ ಮಾಡಿ.

ಮೂರು ನಿಮಿಷದ ಕಥೆ

ದೊಡ್ಡ ಓಟಗಳಲ್ಲಿ ಸಾವಿರಾರು ಜನ ಒಟ್ಟಿಗೆ ಸ್ಟಾರ್ಟ್ ಲೈನ್ ದಾಟೋಕಾಗಲ್ಲ. ಗನ್ ಹಾರಿದ್ದು ಒಂದು ಸಮಯ, ನೀವು ಮ್ಯಾಟ್ ದಾಟುವುದು ಇನ್ನೊಂದು. ನಿಮ್ಮ ಬಿಬ್‌ನ ಚಿಪ್ ಎಣಿಸೋಕೆ ಶುರು ಮಾಡುವುದು ಮ್ಯಾಟ್ ದಾಟಿದ ಮೇಲೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಇಡೀ ಓಟ ಹಾಳುಮಾಡಿಕೊಳ್ತಾರೆ.

ನನ್ನ ಎರಡನೇ ಬಸ್‌ನಲ್ಲಿ ತುಮಕೂರು ಕಡೆಯ ಒಬ್ಬ ಶಾಲಾ ಟೀಚರ್ ಇದ್ದರು. ವಯಸ್ಸು ಐವತ್ತರ ಹತ್ತಿರ. 2:15ರೊಳಗೆ ಮುಗಿಸಬೇಕು ಅನ್ನುವುದು ಅವರ ಮೂರನೇ ವರ್ಷದ ಪ್ರಯತ್ನ. ಹಿಂದಿನ ಎರಡು ವರ್ಷವೂ ಒಂದೆರಡು ನಿಮಿಷದಲ್ಲಿ ತಪ್ಪಿತ್ತು. ಹಳೆಯ ಓಟದ ಸರ್ಟಿಫಿಕೇಟ್ ಹಾಕಿರದ ಕಾರಣ ಹಿಂದಿನ ವಿಭಾಗದಿಂದ ಹೊರಟಿದ್ದರು. ನನಗಿಂತ ಮೂರು ನಿಮಿಷ ತಡವಾಗಿ. ಆರನೇ ಕಿಲೋಮೀಟರ್ ದಾಟಿದ ಮೇಲೆ ಏದುಸಿರು ಬಿಡುತ್ತಾ ಬಂದು, ‘ಅಂತೂ ಸಿಕ್ಕಿದೆಯಪ್ಪಾ ನೀನು’ ಅಂದರು. ನಾವು ಓಡುತ್ತಿದ್ದದ್ದು ಕಿಲೋಮೀಟರಿಗೆ 6:24ರ ಲೆಕ್ಕದಲ್ಲಿ. ಆರು ಕಿಲೋಮೀಟರಲ್ಲಿ ಮೂರು ನಿಮಿಷ ಹಿಡಿಯಬೇಕಾದರೆ ಅವರು ಕಿಲೋಮೀಟರಿಗೆ ಅರ್ಧ ನಿಮಿಷ ಜೋರಾಗಿ ಓಡಿಬಂದಿರಬೇಕು. ‘ಅಕ್ಕ, ನೀವು ಹಿಂದೆಯೇ ಇದ್ದಿದ್ದರೂ ನಡೀತಿತ್ತು’ ಅಂದೆ. ಆ ಗಲಾಟೆಯಲ್ಲಿ ಅವರಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಹದಿನೈದನೇ ಕಿಲೋಮೀಟರಿನ ಏರಿನಲ್ಲಿ ಅವರ ಕಾಲು ಸೋತಿತು. ಪೇಸರ್‌ಗೆ ಅತ್ಯಂತ ಕಷ್ಟದ ಹೊತ್ತು ಅಂದರೆ ಇದೇ. ಹಿಂದೆ ಇಪ್ಪತ್ತು ಜನ ಇದ್ದಾರೆ, ಒಬ್ಬರಿಗಾಗಿ ಬಸ್ ನಿಲ್ಲಿಸೋ ಹಾಗಿಲ್ಲ. ಅವರೇ ಅಂದರು, ‘ನೀನು ಹೋಗಪ್ಪಾ. ಬಾವುಟ ಕಾಣ್ತಾ ಇದ್ರೆ ಸಾಕು.’

ನಾವು 2:14:30ಕ್ಕೆ ಮುಗಿಸಿದೆವು. ಅವರು ಬಂದಿದ್ದು ನಮ್ಮ ಹಿಂದೆ ಎರಡೂವರೆ ನಿಮಿಷಕ್ಕೆ. ಮುಖ ಸಣ್ಣದಾಗಿತ್ತು, ‘ಈ ವರ್ಷವೂ ಹೋಯ್ತು’ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಫೋನಿಗೆ ರಿಸಲ್ಟ್ ಮೆಸೇಜ್ ಬಂತು. ಚಿಪ್ ಟೈಮ್ 2:14ರ ಚಿಲ್ಲರೆ. ಕನ್ನಡಕ ತೆಗೆದು ಒರೆಸಿಕೊಂಡು ಎರಡೆರಡು ಸಲ ಓದಿದರು. ಬಸ್ಸಿಗಿಂತ ಮೂರು ನಿಮಿಷ ಹಿಂದೆಯೇ ಆರಾಮಾಗಿ ಓಡಿಕೊಂಡು ಬಂದಿದ್ದರೆ ಆ ಏರಿನಲ್ಲಿ ಅಷ್ಟು ನರಳಬೇಕಿರಲಿಲ್ಲ ಅಂತ ಆಮೇಲೆ ಅವರೇ ನಕ್ಕರು.

ಹಾಗಾಗಿ ಹೊರಡುವ ಮೊದಲೇ ಪೇಸರ್ ಹತ್ತಿರ ಎರಡು ಪ್ರಶ್ನೆ ಕೇಳಿಬಿಡಿ. ಗನ್ ಟೈಮ್ ಪ್ರಕಾರ ಓಡ್ತೀರಾ, ಚಿಪ್ ಪ್ರಕಾರನಾ? ನೀರಿನ ಹತ್ತಿರ ನಿಧಾನ ಮಾಡ್ತೀರಾ? ಹಿಂದಿನಿಂದ ಹೊರಟರೆ ಎಷ್ಟು ಹಿಂದೆ ಅಂತ ವಾಚ್‌ನಲ್ಲಿ ನೋಡಿಟ್ಟುಕೊಂಡು, ಅಷ್ಟೇ ಅಂತರ ಕಾಯ್ದುಕೊಂಡು ಹೋಗಿ.

ಬಸ್ ಒಳಗೆ

ಬಾವುಟಕ್ಕೆ ಅಂಟಿಕೊಂಡು ಓಡಬೇಕಿಲ್ಲ. ಅಲ್ಲಿ ಮೊಣಕೈಗಳ ಜಾತ್ರೆ. ಹತ್ತು ಹೆಜ್ಜೆ ಹಿಂದೆ, ಒಂದು ಪಕ್ಕಕ್ಕೆ ಇದ್ದರೆ ನಿಮ್ಮ ಹೆಜ್ಜೆ ನಿಮ್ಮದಾಗಿರುತ್ತೆ. ನೀರಿಗೆ ಎಲ್ಲರೂ ಮುಗಿಬೀಳುವುದು ಮೊದಲ ಮೇಜಿಗೆ, ನೀವು ಕೊನೆಯದಕ್ಕೆ ಹೋಗಿ. ಅಲ್ಲಿ ಐದಾರು ಸೆಕೆಂಡ್ ಹಿಂದೆ ಬಿದ್ದರೆ ಗಾಬರಿ ಬೇಡ, ಮುಂದಿನ ಅರ್ಧ ಕಿಲೋಮೀಟರಿನಲ್ಲಿ ಮೆಲ್ಲಗೆ ಸೇರಿಕೊಳ್ಳಬಹುದು.

ಏರಿನಲ್ಲಿ ಮಾತ್ರ ಬೇರೆ ಲೆಕ್ಕ. ದೆಹಲಿಯ ದಾರಿ ಸಪಾಟು. ಹೈದರಾಬಾದ್ ಅಂದರೆ ಫ್ಲೈಓವರ್‌ಗಳು, ಮುಂಬೈ ಅಂದರೆ ಪೆಡ್ಡರ್ ರೋಡ್ ಏರು. ನಮ್ಮ ಬೆಂಗಳೂರಲ್ಲಿ ನಿಜವಾದ ಸಪಾಟು ರಸ್ತೆ ಹುಡುಕುವುದೇ ಕಷ್ಟ. ಒಳ್ಳೆಯ ಪೇಸರ್ ಏರಿನಲ್ಲಿ ಕೆಲವು ಸೆಕೆಂಡ್ ಬಿಟ್ಟುಕೊಟ್ಟು ಇಳಿಜಾರಿನಲ್ಲಿ ವಾಪಸ್ ಪಡೀತಾರೆ. ಎಲ್ಲ ಕಿಲೋಮೀಟರನ್ನೂ ಒಂದೇ ಅಳತೆಗೆ ಕತ್ತರಿಸುವ ಪೇಸರ್ ಸಿಕ್ಕರೆ, ಏರಿನಲ್ಲಿ ಅವರನ್ನು ಇಪ್ಪತ್ತು ಮೀಟರ್ ಮುಂದೆ ಹೋಗೋಕೆ ಬಿಡಿ. ನಿಮ್ಮ ಉಸಿರು ಒಂದೇ ಸಮ ಇರಲಿ.

ಹತ್ತನೇ ಕಿಲೋಮೀಟರಿನಲ್ಲಿ ಪಕ್ಕದವರ ಜೊತೆ ಮೂರ್ನಾಲ್ಕು ಪದ ಮಾತಾಡಿ ನೋಡಿ. ಆಗುತ್ತೆ ಅಂದರೆ ಸರಿಯಾದ ಬಸ್‌ನಲ್ಲಿದ್ದೀರಿ. ‘ಹೂಂ’ ಅನ್ನೋಕೂ ಕಷ್ಟವಾದರೆ ಅಲ್ಲೇ ಇಳಿಯಿರಿ, ಕಿಲೋಮೀಟರಿಗೆ ಹತ್ತು–ಹದಿನೈದು ಸೆಕೆಂಡ್ ನಿಧಾನ ಮಾಡಿ. ಹತ್ತರಲ್ಲಿ ಇಳಿದವರು ಎರಡು ಮೂರು ನಿಮಿಷ ಕಳಕೊಳ್ಳಬಹುದು. ಹದಿನಾರರವರೆಗೆ ಹಲ್ಲು ಕಚ್ಚಿ ಹೋದವರು ನಡೆದುಕೊಂಡೇ ಬರುತ್ತಾರೆ. ಎದೆನೋವು, ತಲೆಸುತ್ತು, ಬಿಸಿಲಲ್ಲೂ ಚಳಿ ಹತ್ತಿದ ಹಾಗೆ ರೋಮಾಂಚನ, ಇವುಗಳಲ್ಲಿ ಯಾವುದು ಕಂಡರೂ ನಿಂತುಬಿಡಿ, ಮೆಡಿಕಲ್ ಟೆಂಟ್ ಕೇಳಿ. ಆಗ ಬಾವುಟದ ಕಡೆ ನೋಡಲೂ ಬೇಡಿ. ಇದನ್ನು ಪ್ರತಿ ಸಲ ನಮ್ಮ ಬಸ್‌ನವರಿಗೆ ಹೊರಡುವ ಮುಂಚೆಯೇ ಹೇಳುತ್ತೇನೆ. ‘ಗೊತ್ತು ಬಿಡಿ ಸರ್’ ಅನ್ನೋರೇ ಜಾಸ್ತಿ.

ಎಲ್ಲ ಸರಿ ಇದ್ದರೆ, ಮುಂದೆ ಹೋಗೋಕೆ ಒಳ್ಳೆಯ ಜಾಗ ಹದಿನೆಂಟನೇ ಕಿಲೋಮೀಟರ್. ಅದಕ್ಕಿಂತ ಮುಂಚೆ ಆಸೆ ಹುಟ್ಟಿದರೆ ಒಂದು ಕಿಲೋಮೀಟರ್ ಸುಮ್ಮನಿದ್ದು ನೋಡಿ. ಪೇಸರ್‌ಗೆ ಹೇಳಿಯೇ ಹೋಗಿ, ಅವರಿಗೂ ಖುಷಿ. ಖಾಲಿ ಬಸ್ಸಿನಲ್ಲಿ ಫಿನಿಷ್ ಲೈನ್ ಮುಟ್ಟುವ ಡ್ರೈವರ್ ಇದ್ದರೆ ಎರಡರಲ್ಲೊಂದು: ಇಲ್ಲಾ ಎಲ್ಲರೂ ಹಿಂದೆ ಉಳಿದಿದ್ದಾರೆ, ಇಲ್ಲಾ ಎಲ್ಲರೂ ಮುಂದೆ ಓಡಿಹೋಗಿದ್ದಾರೆ. ಎರಡನೆಯದು ನನಗೆ ಒಂದೇ ಸಲ ಸಿಕ್ಕಿದ್ದು.

ಆಮೇಲೆ, ಫಿನಿಷ್ ಮ್ಯಾಟ್ ಎರಡು ಇದ್ದರೆ ಎರಡನ್ನೂ ದಾಟಿ, ಇನ್ನೂ ನಾಲ್ಕು ಹೆಜ್ಜೆ ಹೋಗಿ ವಾಚ್ ನಿಲ್ಲಿಸಿ. ಸಮಯವನ್ನು ಹೇಗೂ ಚಿಪ್ ಹಿಡಿದಿರುತ್ತೆ. ಮ್ಯಾಟ್ ಮೇಲೇ ತಲೆ ಬಗ್ಗಿಸಿ ಬಟನ್ ಒತ್ತಿದರೆ ಫೋಟೋದಲ್ಲಿ ನಿಮ್ಮ ನೆತ್ತಿ ಮಾತ್ರ ಬರುತ್ತೆ.