ಪರಸ್ಥಳದ ಆಸ್ಪತ್ರೆಯಲ್ಲಿ ಚಿಕಿತ್ಸೆ: ರೋಗಿಯ ಸಂತೃಪ್ತಿ ಎಲ್ಲಿಂದ ಆರಂಭ?

ಉತ್ತರ ಕನ್ನಡ ಜಿಲ್ಲೆಯ ಭೌಗೋಳಿಕ ಸ್ವರೂಪವೇ ಇಲ್ಲಿನ ರೋಗಿಗಳ ಪಯಣದ ದಿಕ್ಕನ್ನು ನಿರ್ಧರಿಸುತ್ತದೆ. ಭಟ್ಕಳ, ಹೊನ್ನಾವರ ಭಾಗದವರು ಮಣಿಪಾಲ ಹಾಗೂ ಮಂಗಳೂರಿನತ್ತ, ಶಿರಸಿ, ಯಲ್ಲಾಪುರ, ಹಳಿಯಾಳದವರು ಹುಬ್ಬಳ್ಳಿಯತ್ತ, ಕಾರವಾರದವರು ಗೋವಾದತ್ತ ಮುಖ ಮಾಡುವುದು ರೂಢಿ. ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿ.ಮೀ. ದೂರವಿದೆ. ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದ್ದರೂ, ಹೃದಯ, ನರ ಮತ್ತು ಕ್ಯಾನ್ಸರ್ ಸಂಬಂಧಿತ ಉನ್ನತ ಚಿಕಿತ್ಸೆಗಾಗಿ ಜನರು ಜಿಲ್ಲೆಯ ಗಡಿ ದಾಟುತ್ತಿದ್ದಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ವ್ಯಕ್ತವಾದ ಸಾರ್ವಜನಿಕ ಆಗ್ರಹದ ಹಿನ್ನೆಲೆಯೂ ಇದೇ.

ಹೀಗೆ ದೂರ ಹೋದವರ ಸಂತೃಪ್ತಿಯನ್ನು ಅಳೆಯುವಾಗ ಶಸ್ತ್ರಚಿಕಿತ್ಸೆ ಫಲಿಸಿತೇ ಎಂಬುದೊಂದನ್ನೇ ಕೇಳಿದರೆ ಸಾಲದು. ರೋಗಿಯೊಡನೆ ಬಂದವರು ರಾತ್ರಿ ಎಲ್ಲಿ ಮಲಗಿದರು, ವೈದ್ಯರು ಹೇಳಿದ್ದು ತಿಳಿಯುವ ಭಾಷೆಯಲ್ಲಿತ್ತೇ, ಬಿಲ್ಲಿನ ಮೊತ್ತ ಮೊದಲೇ ಗೊತ್ತಿತ್ತೇ ಎಂಬುವೂ ಅದರಲ್ಲಿ ಸೇರುತ್ತವೆ. ಕೂಲಿ ಬಿಟ್ಟು ಜೊತೆಗೆ ಬಂದವರ ದಿನದ ಸಂಪಾದನೆ ಯಾವ ಬಿಲ್ಲಿನಲ್ಲಿಯೂ ನಮೂದಾಗುವುದಿಲ್ಲ.

ಅತೃಪ್ತಿಗೆ ಬಹುಮಟ್ಟಿಗೆ ಕಾರಣವಾಗುವುದು ಹಣದ ವಿಷಯ. ಅದು ಬಹುತೇಕ ಊರಿನಲ್ಲಿಯೇ ತೀರ್ಮಾನವಾಗಿರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ. ವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ. ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಆದರೆ ತುರ್ತಲ್ಲದ ಉನ್ನತ ಚಿಕಿತ್ಸೆಯನ್ನು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಪತ್ರವಿಲ್ಲದೆ ನೇರವಾಗಿ ದಾಖಲಾಗಬಹುದು. ಈ ವ್ಯತ್ಯಾಸವನ್ನು ಅರಿಯದೆ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗೂ ಬಾಡಿಗೆ ಕಾರು ಹಿಡಿದು ನೇರವಾಗಿ ಹೋಗಿ, ಮುಂಗಡ ಕಟ್ಟಿ, ಆ ಬಳಿಕ ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಗೆ ಅಲೆಯುವವರಿದ್ದಾರೆ. ಬಂಗಾರ ಒತ್ತೆಯಿಟ್ಟು ತಂದ ಹಣದಿಂದ ಬಿಲ್ಲು ತೀರಿಸಿದ ಕುಟುಂಬಕ್ಕೆ, ಚಿಕಿತ್ಸೆ ಎಷ್ಟೇ ಉತ್ತಮವಾಗಿದ್ದರೂ, ಸಂತೃಪ್ತಿ ಎಂಬ ಮಾತು ಬಾಯಿಗೆ ಬಾರದು.

ಆದ್ದರಿಂದ ರೋಗಿಯನ್ನು ಕಳುಹಿಸುವ ಮುನ್ನ ಆ ಆಸ್ಪತ್ರೆಯು ಯೋಜನೆಯಲ್ಲಿ ನೋಂದಾಯಿತವಾಗಿದೆಯೇ ಎಂಬುದರ ಜೊತೆಗೆ, ಅಗತ್ಯವಿರುವ ನಿರ್ದಿಷ್ಟ ಚಿಕಿತ್ಸೆಗೂ ಅಲ್ಲಿ ಮಾನ್ಯತೆಯಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಹೃದಯಕ್ಕೆ ನೋಂದಾಯಿತವಾದ ಆಸ್ಪತ್ರೆ ಮೂಳೆಗೆ ನೋಂದಾಯಿತವಾಗಿರಲೇಬೇಕೆಂದಿಲ್ಲ. ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಪ್ರವೇಶಕ್ಕೆ ಮುಂಚೆಯೇ ಕಾಣಬೇಕು; ಬಿಡುಗಡೆಯ ದಿನ ಕಂಡರೆ ಪ್ರಯೋಜನ ಕಡಿಮೆ. ಗೋವಾಕ್ಕೆ ಹೋಗುವವರು ವಿಶೇಷವಾಗಿ ಗಮನಿಸಬೇಕಾದುದೆಂದರೆ, ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯು 2018ರ ಜನವರಿಯಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸಲಾರಂಭಿಸಿತು. ಹಿಂದಿನ ಅನುಭವವನ್ನೇ ನಂಬಿ ಬರಿಗೈಯಲ್ಲಿ ಹೊರಡುವುದು ಸರಿಯಲ್ಲ.

ರೋಗಿಯ ಅಭಿಪ್ರಾಯವನ್ನು ದಾಖಲಿಸಲು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ‘ಮೇರಾ ಅಸ್ಪತಾಲ್’ ವ್ಯವಸ್ಥೆಯನ್ನು ಆರಂಭಿಸಿತು. ಇದರಲ್ಲಿ ಸೇರಿದ ಆಸ್ಪತ್ರೆಗೆ ಭೇಟಿ ನೀಡಿದ ರೋಗಿಯ ಮೊಬೈಲ್‌ಗೆ ಸಂದೇಶ ಅಥವಾ ಕರೆ ಬರುತ್ತದೆ. ಸಿಬ್ಬಂದಿಯ ವರ್ತನೆ, ಸ್ವಚ್ಛತೆ, ವೆಚ್ಚ, ಚಿಕಿತ್ಸೆಯ ಗುಣಮಟ್ಟ ಇವುಗಳಲ್ಲಿ ಯಾವುದರಿಂದ ಅತೃಪ್ತಿಯಾಯಿತು ಎಂದು ತಿಳಿಸಬಹುದು. ನೋಂದಣಿ ಚೀಟಿಯಲ್ಲಿ ಪಕ್ಕದ ಮನೆಯವರ ಸಂಖ್ಯೆಯನ್ನೋ ಚಾಲಕನ ಸಂಖ್ಯೆಯನ್ನೋ ಬರೆಸಿದರೆ ಆ ಕರೆ ರೋಗಿಗೆ ತಲುಪುವುದೇ ಇಲ್ಲ. ವಾರ್ಡಿನಲ್ಲಿ ಸಿಬ್ಬಂದಿಯ ಎದುರೇ ಕೇಳಿದಾಗ ‘ಎಲ್ಲ ಚೆನ್ನಾಗಿದೆ’ ಎನ್ನುವವರೇ ಹೆಚ್ಚು. ಊರಿಗೆ ಮರಳಿದ ನಂತರ ಕೊಡುವ ಉತ್ತರಕ್ಕೆ ಬೆಲೆ ಹೆಚ್ಚೆಂಬುದು ನಮ್ಮ ಅಭಿಪ್ರಾಯ.

ದೂರುಗಳಿಗೂ ದಾರಿಯಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ಪ್ರತಿ ಜಿಲ್ಲೆಯಲ್ಲಿಯೂ ಪ್ರಾಧಿಕಾರವಿದ್ದು, ಆಸ್ಪತ್ರೆ ಇರುವ ಜಿಲ್ಲೆಯ ಪ್ರಾಧಿಕಾರಕ್ಕೆ ದೂರು ಸಲ್ಲಿಸಬೇಕು. ಬಾಕಿ ಹಣದ ಕಾರಣಕ್ಕೆ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಯೋಜನೆಗೆ ಸಂಬಂಧಿಸಿದ ದೂರುಗಳನ್ನು 14555ಕ್ಕೆ ಕರೆಮಾಡಿ ತಿಳಿಸಬಹುದು.

ಊರಿಗೆ ಮರಳಿದ ನಂತರದ ದಿನಗಳ ಬಗ್ಗೆ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಹೊಲಿಗೆ ಬಿಚ್ಚಿಸಲು ಅಥವಾ ರಕ್ತದೊತ್ತಡ ಪರೀಕ್ಷಿಸಲು ಮತ್ತೆ ಮಂಗಳೂರಿಗೆ ಹೋಗಬೇಕೇ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಧ್ಯವೇ ಎಂಬುದನ್ನು ಬಿಡುಗಡೆ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು. ಜನ ಆರೋಗ್ಯ ಯೋಜನೆಯ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನಲ್ಲಿ ಸೇರಿದೆ. ಅದನ್ನು ಕೇಳಿ ಪಡೆಯಬೇಕು. ಬಿಡುಗಡೆ ಪತ್ರದ ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಆರೋಗ್ಯ ಕೇಂದ್ರಕ್ಕೆ ತಲುಪಿಸಿದಲ್ಲಿ, ಅಲ್ಲಿನ ವೈದ್ಯಾಧಿಕಾರಿಗಳು ಔಷಧಿಗಳನ್ನು ಪರಿಶೀಲಿಸಿ ಮುಂದಿನ ತಪಾಸಣೆ ಮಾಡಲು ಅನುಕೂಲವಾಗುತ್ತದೆ.