ತುರ್ಭೆಯ ತಂಪು, ತಿಕೋಟಾದ ಬಿಸಿಲು

ಥಾಣೆ–ಬೇಲಾಪುರ ರಸ್ತೆಯಲ್ಲಿ ಹಾದುಹೋಗುವವರಿಗೆ ನವಿಮುಂಬಯಿಯ ತುರ್ಭೆ ಲಾರಿಗಳ ಊರಾಗಿ ಕಾಣುತ್ತದೆ. ಒಂದು ಮಗ್ಗುಲಿಗೆ ಕೈಗಾರಿಕಾ ಪ್ರದೇಶ, ಇನ್ನೊಂದು ಮಗ್ಗುಲಿಗೆ ಮುಂಬಯಿ ಮಹಾನಗರಕ್ಕೆ ಹಣ್ಣು, ತರಕಾರಿ, ಈರುಳ್ಳಿ, ಮಸಾಲೆ ಒದಗಿಸುವ ಸಗಟು ಮಾರುಕಟ್ಟೆ. ಇವುಗಳ ನಡುನಡುವೆ ಕಿಟಕಿಗಳಿಲ್ಲದ ಎತ್ತರದ ಕಟ್ಟಡಗಳಿವೆ. ಮೇ ತಿಂಗಳ ಧಗೆಯಲ್ಲೂ ಅವುಗಳ ದಪ್ಪ ಬಾಗಿಲು ತೆರೆದಾಗ ಹೊರಬರುವ ಗಾಳಿ ಮೈ ಕೊರೆಯುತ್ತದೆ. ಅಮೆರಿಕದ ಸೇಬು, ನ್ಯೂಜಿಲೆಂಡಿನ ಕಿವಿಹಣ್ಣು, ಕೊಲ್ಲಿ ದೇಶಗಳ ಖರ್ಜೂರ ಎಲ್ಲವೂ ಇಲ್ಲಿ ತಮ್ಮ ಸರದಿಗಾಗಿ ಕಾಯುತ್ತವೆ. ಸಮುದ್ರ ದಾಟಿ ಬಂದ ಹಣ್ಣಿಗೆ ಇಂಥ ಆಸರೆ ಸಿಗುವ ದೇಶದಲ್ಲಿ, ಸಮುದ್ರ ದಾಟಿ ಹೋಗಬೇಕಾದ ನಮ್ಮ ಹಣ್ಣಿನ ಪಾಡೇನು ಎಂಬುದು ಈ ಲೇಖನದ ವಿಚಾರ.

ಬಂದರು ಮತ್ತು ಮಾರುಕಟ್ಟೆಯ ನೆರೆಹೊರೆ

ತುರ್ಭೆಗೆ ಈ ಸ್ಥಾನ ಬಂದುದು ಎರಡು ಸ್ಥಳಾಂತರಗಳಿಂದ. ದಕ್ಷಿಣ ಮುಂಬಯಿಯ ಇಕ್ಕಟ್ಟಿನ ಓಣಿಗಳಲ್ಲಿದ್ದ ಸಗಟು ಪೇಟೆಗಳು 1980 ಮತ್ತು 90ರ ದಶಕಗಳಲ್ಲಿ ಹಂತಹಂತವಾಗಿ ವಾಶಿ–ತುರ್ಭೆಗೆ ಬಂದವು. ಇದರ ನಡುವೆಯೇ, 1989ರಲ್ಲಿ, ಇಲ್ಲಿಂದ ಸುಮಾರು 30 ಕಿ.ಮೀ. ದೂರದ ನ್ಹಾವಾ ಶೇವಾದಲ್ಲಿ ಹೊಸ ಬಂದರು ಆರಂಭವಾಯಿತು. ಹಡಗಿನಿಂದಿಳಿದ ಶೀತಲ ಕಂಟೇನರ್, ಅಂದರೆ ಇಲ್ಲಿನವರ ಬಾಯಲ್ಲಿ ‘ರೀಫರ್’, ಕೆಲವೇ ಗಂಟೆಗಳಲ್ಲಿ ತುರ್ಭೆಯ ಗೋದಾಮು ಸೇರಬಹುದು. ಅಲ್ಲಿಂದ ಮಾರುಕಟ್ಟೆಯ ‘ಗಾಳಾ’ಗಳಿಗೆ, ಅಂದರೆ ಮಳಿಗೆಗಳಿಗೆ, ಕೂಗಳತೆ ದೂರ. ದಲಾಲರು, ಆಮದುದಾರರು, ಹೊರೆ ಹೊರುವ ಮಾಥಾಡಿ ಕಾರ್ಮಿಕರು ಎಲ್ಲರ ಬದುಕೂ ಈ ನೆರೆಹೊರೆಯ ಮೇಲೆ ನಿಂತಿದೆ. ಕರ್ನಾಟಕದ ಮಾವು, ಈರುಳ್ಳಿಯೂ ಇದೇ ಅಂಗಳಕ್ಕೆ ಬಂದು ಇಳಿಯುತ್ತವೆ.

ಯಂತ್ರ ಮಾಡುವ ಕೆಲಸ, ಮಾಡದ ಕೆಲಸ

ಸಮುದ್ರದ ಮೇಲೆ ಆಹಾರವನ್ನು ಕೆಡದಂತೆ ಒಯ್ಯುವ ವಿದ್ಯೆ ಹಳೆಯದು. 1882ರಲ್ಲಿ ನ್ಯೂಜಿಲೆಂಡಿನಿಂದ ಹೊರಟ ಡುನೆಡಿನ್ ಎಂಬ ಹಾಯಿಹಡಗು, ಹೆಪ್ಪುಗಟ್ಟಿಸಿದ ಸುಮಾರು ಐದು ಸಾವಿರ ಕುರಿಗಳ ಮಾಂಸವನ್ನು 98 ದಿನಗಳಲ್ಲಿ ಲಂಡನ್ನಿಗೆ ತಲುಪಿಸಿತು. ದಾರಿಯಲ್ಲಿ ಉಷ್ಣವಲಯವನ್ನು ದಾಟಿದರೂ ಮಾಂಸ ಕೆಡಲಿಲ್ಲ. 1956ರ ನಂತರ ಕಂಟೇನರ್ ಪದ್ಧತಿ ಬೆಳೆದಂತೆ, ಇಡೀ ಹಡಗನ್ನು ತಂಪಾಗಿಡುವ ಬದಲು ಪ್ರತಿಯೊಂದು ಪೆಟ್ಟಿಗೆಗೂ ಅದರದೇ ಯಂತ್ರ ಬಂತು. ಹೆಪ್ಪುಗಟ್ಟಿಸಿದ ಸಿಗಡಿಗೆ ಮೈನಸ್ 18 ಡಿಗ್ರಿ, ದ್ರಾಕ್ಷಿಗೆ ಸೊನ್ನೆಯ ಆಸುಪಾಸು, ಬಾಳೆಗೆ 13 ಡಿಗ್ರಿ ಹೀಗೆ ಒಂದೊಂದಕ್ಕೂ ಬೇರೆ ಹವೆ ಹೊಂದಿಸಬಹುದು.

ಆದರೆ ನಮ್ಮಲ್ಲಿ ಬಹಳಷ್ಟು ಜನರಿಗೆ ತಿಳಿಯದ ಸಂಗತಿಯೊಂದಿದೆ. ರೀಫರ್ ಕಂಟೇನರು ಇರುವ ತಂಪನ್ನು ಕಾಯುತ್ತದೆ. ಬಿಸಿಯಾಗಿ ಬಂದ ಸರಕನ್ನು ಬೇಗ ತಣಿಸುವ ಶಕ್ತಿ ಅದಕ್ಕಿಲ್ಲ. ಬಳ್ಳಿಯಿಂದ ಕತ್ತರಿಸಿದ ಮೇಲೂ ಹಣ್ಣು ಉಸಿರಾಡುತ್ತಲೇ ಇರುತ್ತದೆ, ತನ್ನೊಳಗಿನ ಸಕ್ಕರೆಯನ್ನು ಕರಗಿಸುತ್ತ ಶಾಖ ಹೊಮ್ಮಿಸುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಉಸಿರಾಟದ ವೇಗ ಎರಡು–ಮೂರು ಪಟ್ಟಾಗುತ್ತದೆ. ಹಾಗಾಗಿ ಕೊಯ್ಲಾದ ಕೆಲವೇ ಗಂಟೆಗಳಲ್ಲಿ ಹಣ್ಣನ್ನು ಪೂರ್ವಶೀತಲೀಕರಣಕ್ಕೆ ಒಳಪಡಿಸಬೇಕು. ಆ ಗಂಟೆಗಳನ್ನು ಕಳೆದುಕೊಂಡ ದ್ರಾಕ್ಷಿಗೆ ಮುಂದೆ ಎಷ್ಟೇ ದುಬಾರಿಯ ಕಂಟೇನರ್ ಒದಗಿಸಿದರೂ ಕಳೆದುಹೋದ ಆಯುಸ್ಸು ಮರಳಿ ಬಾರದು.

ಆಕಾಶದಿಂದ ಸಮುದ್ರಕ್ಕೆ

ಆಪೂಸು ಮಾವನ್ನು ಅಮೆರಿಕಕ್ಕೆ ವಿಮಾನದಲ್ಲಿ ಕಳಿಸುವುದೇ ರೂಢಿ. ಸಾಗಣೆ ಖರ್ಚು ಹಣ್ಣಿನ ಬೆಲೆಯನ್ನೇ ನುಂಗಿಹಾಕುತ್ತದೆ. 2022ರ ಜೂನ್‌ನಲ್ಲಿ ವಾಶಿಯಲ್ಲಿ ಕೀಟಬಾಧೆ ತಡೆಯುವ ವಿಕಿರಣ ಸಂಸ್ಕರಣೆ ಪಡೆದ ಸುಮಾರು 16.5 ಟನ್ ಮಾವನ್ನು ಪ್ರಯೋಗಾರ್ಥವಾಗಿ ನ್ಹಾವಾ ಶೇವಾದಿಂದ ಹಡಗೇರಿಸಲಾಯಿತು. ಸುಮಾರು 25 ದಿನಗಳಲ್ಲಿ ಅದು ಅಮೆರಿಕದ ಪೂರ್ವ ತೀರ ಮುಟ್ಟಿತು. ಸಮುದ್ರ ಮಾರ್ಗ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಪಾಠ 2025ರ ಮೇ ತಿಂಗಳದು. ನವಿಮುಂಬಯಿಯಲ್ಲಿ ವಿಕಿರಣಕ್ಕೊಳಪಡಿಸಿ ವಿಮಾನದಲ್ಲಿ ಕಳಿಸಿದ ಮಾವಿನ ಕನಿಷ್ಠ 15 ರವಾನೆಗಳನ್ನು ದಾಖಲೆಯಲ್ಲಿನ ದೋಷದ ಕಾರಣಕ್ಕೆ ಅಮೆರಿಕದ ಅಧಿಕಾರಿಗಳು ತಿರಸ್ಕರಿಸಿದರು. ಹಣ್ಣಿನಲ್ಲಿ ಹುಳುವಿತ್ತು ಎಂಬ ಆರೋಪವಿರಲಿಲ್ಲ. ವಾಪಸು ತರುವ ಖರ್ಚು ತಡೆಯಲಾರದೆ ಅಲ್ಲಿಯೇ ನಾಶ ಮಾಡಬೇಕಾಯಿತು. ಬೆಳೆದವನ ಕೈಗೆ ಎಟುಕದ ಕಾಗದವೊಂದು ಬೆಳೆಯ ಹಣೆಬರಹ ಬರೆಯುತ್ತದೆ ಎಂಬುದು ಕಳವಳದ ಸಂಗತಿ.

ದಾರಿಯೂ ನಮ್ಮ ಕೈಯಲ್ಲಿಲ್ಲ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಸಾಗಿದವು. ಪಯಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚುವರಿಯಾಗಿ ಕೂಡಿತು. ಸಿಗಡಿ ಅದನ್ನು ತಾಳಿಕೊಂಡೀತು. ದ್ರಾಕ್ಷಿಗೆ ಆ ಎರಡು ವಾರ ದುಬಾರಿ.

ಸರಪಳಿ ಎಲ್ಲಿ ಕಡಿಯುತ್ತದೆ?

2015ರಲ್ಲಿ ಕೇಂದ್ರಕ್ಕಾಗಿ ನಡೆದ ಅಧ್ಯಯನವೊಂದರ ಅಂಕಿಗಳನ್ನು ಓದುಗರು ನಿಧಾನವಾಗಿ ನೋಡಬೇಕು. ಶೀತಲ ಗೋದಾಮುಗಳ ವಿಷಯದಲ್ಲಿ ದೇಶದ ಅಗತ್ಯ ಸುಮಾರು 350 ಲಕ್ಷ ಟನ್, ಇದ್ದದ್ದು ಸುಮಾರು 318 ಲಕ್ಷ ಟನ್. ಕೊರತೆ ಚಿಕ್ಕದು. ಶೀತಲ ಲಾರಿಗಳು ಬೇಕಿದ್ದುದು 62 ಸಾವಿರದಷ್ಟು, ಇದ್ದದ್ದು 9 ಸಾವಿರ. ಹೊಲದ ಬಳಿ ಹಣ್ಣನ್ನು ವಿಂಗಡಿಸಿ, ತಣಿಸಿ, ಕಟ್ಟುವ ಪ್ಯಾಕ್‌ಹೌಸ್‌ಗಳು ಬೇಕಿದ್ದುದು 70 ಸಾವಿರ, ಇದ್ದದ್ದು ಕೇವಲ 249. ವರ್ಷಗಳ ಸಹಾಯಧನ ಹರಿದುದು ಎತ್ತ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ದೊಡ್ಡ ಗೋದಾಮುಗಳು ಎದ್ದವು. ಅವುಗಳಲ್ಲಿ ಬಹುಪಾಲು ಆಲೂಗಡ್ಡೆಗೆ. ಹೊಲದ ಬದಿಯ ಮೊದಲ ಕೊಂಡಿಯೇ ಬಹುತೇಕ ಇರಲಿಲ್ಲ.

ಮೀನಿನ ವ್ಯಾಪಾರದೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 2023–24ರಲ್ಲಿ ಭಾರತ ಸುಮಾರು 17.8 ಲಕ್ಷ ಟನ್ ಸಾಗರೋತ್ಪನ್ನ ರಫ್ತು ಮಾಡಿ 60 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತು. ಅದರ ಮೌಲ್ಯದ ಮೂರನೇ ಎರಡು ಭಾಗ ಹೆಪ್ಪುಗಟ್ಟಿಸಿದ ಸಿಗಡಿಯದು. ಸಿಗಡಿಗೆ ಕೊಳದ ದಂಡೆಯಲ್ಲೇ ಮಂಜುಗಡ್ಡೆ ಸಿಗುತ್ತದೆ. ಮಲ್ಪೆ, ಮಂಗಳೂರಿನ ದೋಣಿಗಳು ಕಡಲಿಗಿಳಿಯುವ ಮುನ್ನವೇ ಮಂಜುಗಡ್ಡೆ ತುಂಬಿಕೊಳ್ಳುತ್ತವೆ. ಮೀನು ಹಿಡಿದ ಗಳಿಗೆಯಿಂದ ತಂಪು ಬೇಕೆಂಬ ಅರಿವು ಅಲ್ಲಿ ಕಸುಬಿನ ಭಾಗ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರ ಸ್ಥಿತಿ ಬೇರೆ. ಅಲ್ಲಿನ ಬೆಳೆಯ ದೊಡ್ಡ ಪಾಲು ಒಣದ್ರಾಕ್ಷಿಯಾಗಿ ಸಾಂಗಲಿ, ತಾಸಗಾಂವ್‌ಗಳ ಪೇಟೆಗೆ ಹೋಗುತ್ತದೆ. ಒಣ ಹವೆಯ ನಾಡಿನಲ್ಲಿ ಅದು ಜಾಣತನದ ಆಯ್ಕೆಯೇ ಹೌದು. ಆದರೆ ತಾಜಾ ಹಣ್ಣು ಮಾರುವ ಇನ್ನೊಂದು ಬಾಗಿಲು ಅಗಲವಾಗಿ ತೆರೆದಿದ್ದರೆ ಮಾತ್ರ ಅದನ್ನು ಆಯ್ಕೆ ಎನ್ನಬಹುದು. ನಾಶಿಕದ ಬೆಳೆಗಾರರು 1990ರ ದಶಕದಿಂದ ಸಹಕಾರದ ಬಲದಿಂದ ಪ್ಯಾಕ್‌ಹೌಸ್ ಕಟ್ಟಿಕೊಂಡು ಯುರೋಪಿಗೆ ಹಡಗಿನಲ್ಲಿ ದ್ರಾಕ್ಷಿ ಕಳಿಸುತ್ತ ಬಂದಿದ್ದಾರೆ. 2010ರಲ್ಲಿ ರಾಸಾಯನಿಕ ಉಳಿಕೆಯ ಕಾರಣಕ್ಕೆ ಅವರ ಸರಕೂ ತಿರಸ್ಕೃತವಾಯಿತು. ಅವರು ಕೈಚೆಲ್ಲಲಿಲ್ಲ.

ಎರಡು ಪಕ್ಷಗಳ ಮಾತು

ರಫ್ತಿಗೇಕೆ ಸರ್ಕಾರದ ಹಣ, ದೇಶದೊಳಗಿನ ಬಡವನ ತಟ್ಟೆಗೆ ಅಗ್ಗದ ತರಕಾರಿ ಮೊದಲಲ್ಲವೇ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರ್ 8ರಿಂದ 2024ರ ಮೇ 4ರವರೆಗೆ ಈರುಳ್ಳಿ ರಫ್ತನ್ನು ನಿಷೇಧಿಸಿದಾಗ ಸರ್ಕಾರ ಮುಂದಿಟ್ಟಿದ್ದೂ ಇದೇ ಕಾರಣ. ಆದರೆ ಏಕಾಏಕಿ ಬಂದ ಆದೇಶ ಹೊಡೆದುದು ಆಗಲೇ ಕೊಯ್ಲು ಮುಗಿಸಿ ದರ ಕಾಯುತ್ತಿದ್ದವನನ್ನು. ಕೊಳ್ಳುವ ದೇಶಗಳು ಬೇರೆ ಮೂಲ ಹುಡುಕಿಕೊಂಡರೆ ಆ ಗಿರಾಕಿಯನ್ನು ಮರಳಿ ಪಡೆಯಲು ವರ್ಷಗಳೇ ಬೇಕು. ಇನ್ನು ಹೊಲದ ಬದಿಯ ಪ್ಯಾಕ್‌ಹೌಸು ಹಡಗಿಗಷ್ಟೇ ದುಡಿಯುವುದಿಲ್ಲ. ಅಲ್ಲಿ ತಣಿದ ದ್ರಾಕ್ಷಿ ಬೆಂಗಳೂರಿಗೂ ಕೆಡದೆ ತಲುಪುತ್ತದೆ, ತುರ್ಭೆಗೂ ತಲುಪುತ್ತದೆ. ಆದ್ದರಿಂದ ರಫ್ತುದಾರ ಮತ್ತು ಗ್ರಾಹಕರ ಹಿತಗಳು ಎದುರಾಗುವುದು ನಿಷೇಧದ ದಿನಗಳಲ್ಲಿ. ತಂಪಿನ ವಿಷಯದಲ್ಲಿ ಅವೆರಡೂ ಒಂದೇ.

ತಿಕೋಟಾದಿಂದ ನ್ಹಾವಾ ಶೇವಾಗೆ ರಸ್ತೆಯಲ್ಲಿ ಒಂದು ರಾತ್ರಿಯ ಪಯಣ. ಬಂದರು ಸಿದ್ಧವಿದೆ, ಕಂಟೇನರ್ ಸಿದ್ಧವಿದೆ, ತುರ್ಭೆಯಲ್ಲಿ ತಂಪಿಗೆ ಬರವಿಲ್ಲ. ಇನ್ನು ಮುಂದೆ ಶೀತಲ ವ್ಯವಸ್ಥೆಗೆ ತೆಗೆದಿಡುವ ಸಾರ್ವಜನಿಕ ಹಣದ ಮೊದಲ ಪಾಲು ಬಳ್ಳಿಯ ಬುಡದ ಆ ಮೊದಲ ಕೆಲವು ಗಂಟೆಗಳಿಗೆ ಸಲ್ಲಬೇಕು. ವಿಜಯಪುರದ ಜನಪ್ರತಿನಿಧಿಗಳು ಮುಂದಿನ ಮುಂಗಡಪತ್ರದಲ್ಲಿ ಇದನ್ನು ಹಟಹಿಡಿದು ಕೇಳಬೇಕು.